ಲೆವೆಲ್ ಚೆನ್ನಾಗಿತ್ತು

ನಮ್ಮ ಮಾವನವರು ಜೀವಮಾನವಿಡೀ ರೇಡಿಯೋದಲ್ಲಿ ಎಂಜಿನಿಯರಾಗಿದ್ದವರು. ಅವರ ಕೈಯಡಿಯಲ್ಲಿ ಹಾದುಹೋಗದ ಗವಾಯಿಗಳಿಲ್ಲ, ಕವಿಗಳಿಲ್ಲ, ಮಂತ್ರಿಗಳಿಲ್ಲ. ಧಾರವಾಡದಲ್ಲಿದ್ದ ಕಾಲಕ್ಕೆ ಸ್ಟುಡಿಯೋದ ಗಾಜಿನ ಈಚೆ ಕೂತು, ನಾವೆಲ್ಲ ಕ್ಯಾಸೆಟ್ಟಿನಲ್ಲಿ ಮಾತ್ರ ಕೇಳಿದ ಮಹಾನುಭಾವರ ಹಾಡನ್ನು ಬಿಟ್ಟಿಯಾಗಿ ಕೇಳಿದ ಪುಣ್ಯವಂತರು. ಮದುವೆಯಾದ ಹೊಸತರಲ್ಲಿ ಬಾಯಲ್ಲಿ ನೀರೂರಿಸಿಕೊಂಡು, "ಹೇಗಿತ್ತು ಮಾವ, ಆ ಗಾಯನ?" ಎಂದು ಕೇಳಿದೆ. ಅವರು ಕಣ್ಣು ಮುಚ್ಚಿದರು. ಮುಖದಲ್ಲಿ ಎಂಥದೋ ಕಳೆ ಬಂತು. ನಾನು ಕಾದೆ.

"ಲೆವೆಲ್ ಚೆನ್ನಾಗಿತ್ತು" ಎಂದರು. ಆಮೇಲೆ ಒಂದು ನಿಟ್ಟುಸಿರು ಬಿಟ್ಟು, "ತಂಬೂರಿ ಮೈಕನ್ನ ಇನ್ನೊಂದು ಗೇಣು ಹಿಂದಕ್ಕೆ ಇಟ್ಟಿದ್ರೆ ಆಗ್ತಿತ್ತು" ಅಂತಲೂ ಸೇರಿಸಿದರು.

ಇದು ಅವರೊಬ್ಬರ ಸ್ವಭಾವ ಎಂದುಕೊಂಡು ಸುಮ್ಮನಾಗಿದ್ದೆ. ನಿವೃತ್ತರಾದ ಮೇಲೆ ಅವರು ತಮ್ಮಂಥವರ ಒಂದು ಬಳಗ ಸೇರಿದರು. ರೇಡಿಯೋ, ಟಿವಿಗಳ ಹಳೆಯ ಎಂಜಿನಿಯರುಗಳು ತಿಂಗಳಿಗೊಂದು ಭಾನುವಾರ ಮಲ್ಲೇಶ್ವರದ ಒಂದು ಸಭಾಂಗಣದಲ್ಲಿ ಸೇರಿ, ಚೌಚೌ ಬಾತ್ ತಿಂದು, ಲೋಕದ ಸದ್ದುಗದ್ದಲವನ್ನು ವಿಚಾರಿಸಿಕೊಳ್ಳುವ ಬಳಗ. ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋಗುವ ಕೆಲಸ ಅಳಿಯನ ಪಾಲಿಗೆ ಬಂತು. ಅಲ್ಲಿಗೆ ಹೋದ ಮೇಲೆ ತಿಳಿಯಿತು: ಇದು ಒಬ್ಬರ ಸ್ವಭಾವವಲ್ಲ, ಒಂದು ಪಂಥ. ಆ ಪಂಥದವರು ಹಾಡು ಕೇಳುವುದಿಲ್ಲ. ಹಾಡು ಕೇಳಿಸುತ್ತಿದೆಯೇ ಎಂದು ಕೇಳುತ್ತಾರೆ.

ಬೆಂಗಳೂರಿನಲ್ಲಿ ಹತ್ತು ಗಂಟೆಗೆ ಸಭೆ ಎಂದರೆ ಹತ್ತೂವರೆಗೆ ಕುರ್ಚಿ ಒರೆಸಲು ಶುರು ಎಂದರ್ಥ. ಈ ಬಳಗದಲ್ಲಿ ಹಾಗಿಲ್ಲ. ಗಡಿಯಾರದ ಸೆಕೆಂಡಿನ ಮುಳ್ಳು ನೋಡಿಕೊಂಡೇ ನೌಕರಿ ಮುಗಿಸಿದವರು. ಹತ್ತಾಗಲು ಐದು ನಿಮಿಷ ಇದ್ದಾಗಲೇ ಎಲ್ಲರೂ ಕೂತು ಕೈಗಡಿಯಾರ ನೋಡುತ್ತಿರುತ್ತಾರೆ. ಪ್ರಾರ್ಥನೆ ಸರಿಯಾಗಿ ಹತ್ತಕ್ಕೆ ಮೇಲೇಳುತ್ತದೆ. ಒಮ್ಮೆ ಸದಸ್ಯರೊಬ್ಬರ ಸೊಸೆ ಮನತುಂಬಿ ಹಾಡಿದಳು. ಮುಗಿದ ಮೇಲೆ ಚಪ್ಪಾಳೆಯೂ ಬಿತ್ತು. ನನ್ನ ಪಕ್ಕದ ಹಿರಿಯರು ಮಾತ್ರ ಮಾವನ ಕಿವಿಯಲ್ಲಿ, "ಸಕಾರ ಸ್ವಲ್ಪ ಸೀಳ್ತಾ ಇತ್ತು ಅಲ್ವೇ?" ಎಂದರು. ಮಾವ ಗಂಭೀರವಾಗಿ ತಲೆಯಾಡಿಸಿದರು. ಆ ಹುಡುಗಿ ಹಾಡಿದ್ದು ಗಣಪತಿಯ ಮೇಲೋ ಸರಸ್ವತಿಯ ಮೇಲೋ ಎಂದು ಅಲ್ಲಿದ್ದವರನ್ನು ಕೇಳಿದ್ದರೆ ಓಟು ಹಾಕಿಸಬೇಕಾಗುತ್ತಿತ್ತು.

ಅದೇ ಸಭೆಯಲ್ಲಿ ಕಾರ್ಯದರ್ಶಿಗಳು ವರದಿ ಓದಲು ನಿಂತಾಗ ಮೈಕು ಸತ್ತಿತು. ಬೇರೆ ಸಭೆಗಳಲ್ಲಿ ಮೈಕು ಕೆಟ್ಟರೆ ಒಬ್ಬ ಓಡಾಡುತ್ತಾನೆ, ಮಿಕ್ಕವರು ಹರಟೆ ಹೊಡೆಯುತ್ತಾರೆ. ಇಲ್ಲಿ ಸಭೆಗೆ ಸಭೆಯೇ ಎದ್ದು ನಿಂತಿತು. ಎಲ್ಲರ ಮುಖದಲ್ಲೂ ಇಷ್ಟು ಹೊತ್ತು ಇಲ್ಲದ ಉತ್ಸಾಹ. ಧಾರವಾಡ ಕಡೆಯವರೊಬ್ಬರು, "ಮೈಕ್ ಬಿಡ್ರೀ, ಮೊದಲ ಅರ್ಥಿಂಗ್ ಎಲ್ಲೈತಿ ತೋರಸ್ರಿ" ಎಂದು ಗೋಡೆಯ ಬುಡ ಹುಡುಕಿದರು. ಟಿವಿಯವರು ಕನೆಕ್ಟರ್ ಎಂದರು. ಎಫ್‌ಎಂನವರು ಪಕ್ಕದ ಕಲ್ಯಾಣ ಮಂಟಪದ ವೈರ್‌ಲೆಸ್ ಮೈಕಿನ ಮೇಲೆ ಅನುಮಾನ ಪಟ್ಟರು. ಅಷ್ಟರಲ್ಲಿ ಸಭಾಂಗಣದ ಹುಡುಗ ಬಂದು ಮೈಕಿನ ಹಿಂಬದಿ ಬಿಚ್ಚಿ ಹೊಸ ಸೆಲ್ಲು ಹಾಕಿ ಹೋದ. ಮೈಕು ಮಾತಾಡಿತು. ಆದರೆ ಯಾರಿಗೂ ಸಮಾಧಾನವಿಲ್ಲ. ಒಬ್ಬರು ಜುಬ್ಬಾದ ಜೇಬಿನಿಂದ ಮಲ್ಟಿಮೀಟರ್ ತೆಗೆದು ಹಳೆಯ ಸೆಲ್ಲಿನ ವೋಲ್ಟೇಜು ಅಳೆದರು. ಸೆಲ್ಲು ಸಹಜವಾಗಿ ಸತ್ತದ್ದೋ, ಮೈಕಿನ ಒಳಗಿನ ದೋಷದಿಂದ ಸತ್ತದ್ದೋ ಎಂಬ ವಿಚಾರಣೆ ಕಾಫಿಯ ತನಕ ನಡೆಯಿತು. ಬಳಗದ ವಾರ್ತಾಪತ್ರದ ಮುಂದಿನ ಸಂಚಿಕೆಯಲ್ಲಿ ಇದು "ಉಪಯುಕ್ತ ತಾಂತ್ರಿಕ ಗೋಷ್ಠಿ" ಎಂದು ಅಚ್ಚಾಯಿತು. ಕಾರ್ಯದರ್ಶಿಗಳ ವರದಿಯ ಪ್ರಸ್ತಾಪ ಅದರಲ್ಲಿರಲಿಲ್ಲ.

ಅಧ್ಯಕ್ಷರ ಭಾಷಣ ಯಾವ ವಿಷಯದ ಮೇಲಿದ್ದರೂ 1935ರ ಸೆಪ್ಟೆಂಬರ್ 10ರಿಂದಲೇ ಹೊರಡುತ್ತದೆ. ಅಂದು ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಬಾನುಲಿ ಪ್ರಸಾರ ಶುರುಮಾಡಿದರು. ಅವರ ಟ್ರಾನ್ಸ್‌ಮಿಟರಿನ ಶಕ್ತಿ 30 ವಾಟ್. ನಮ್ಮ ಮನೆಯ ಮಿಕ್ಸಿಯೇ 750 ವಾಟ್. ಅದು ಚಟ್ನಿ ರುಬ್ಬಿದರೆ ಪಕ್ಕದ ಮನೆಗಷ್ಟೇ ಕೇಳುತ್ತದೆ. ಅಷ್ಟು ಸಣ್ಣ ಶಕ್ತಿಯಲ್ಲಿ ಆ ಪುಣ್ಯಾತ್ಮರು ನಾಡಿಗೇ ಒಂದು ರೂಢಿ ಹಾಕಿಕೊಟ್ಟರು. ಅಧ್ಯಕ್ಷರು ಇಲ್ಲಿಗೆ ಬಂದಾಗ ಕೊರಳು ಕಟ್ಟುತ್ತದೆ. ಆದರೆ ಬೇರೆಯವರ ಕೊರಳು ಕಟ್ಟುವ ಕಾರಣಕ್ಕಲ್ಲ. "ಒಬ್ಬ ಸೈಕಾಲಜಿ ಮೇಷ್ಟ್ರು ಟ್ರಾನ್ಸ್‌ಮಿಟರ್ ನಡೆಸಿದರು ಸ್ವಾಮಿ!" ಎನ್ನುವಾಗ ಅವರ ದನಿಯಲ್ಲಿ ಮೆಚ್ಚುಗೆ ಎಷ್ಟೋ, ನಮ್ಮ ಲೈಸೆನ್ಸಿಲ್ಲದೆ ಹೇಗೆ ನಡೆಸಿದರು ಎಂಬ ಎಂಜಿನಿಯರಿನ ಅಸೂಯೆಯೂ ಅಷ್ಟೇ.

ಇನ್ನು ವಾರ್ತಾಪತ್ರ. ಮೂರು ತಿಂಗಳಿಗೊಮ್ಮೆ ಬರುವ ಆ ನಾಲ್ಕು ಪುಟ ನನ್ನ ಮಟ್ಟಿಗೆ ಕನ್ನಡದ ಶ್ರೇಷ್ಠ ಹಾಸ್ಯ ಪತ್ರಿಕೆ; ಹಾಸ್ಯ ಎಂದು ಬರೆದದ್ದು ಅದರಲ್ಲಿ ಏನೂ ಇರುವುದಿಲ್ಲ, ಅಷ್ಟೇ. ಮದುವೆಯ ಸುದ್ದಿ ಹೀಗಿರುತ್ತದೆ: "ನಮ್ಮ ಹಿರಿಯ ಸದಸ್ಯರ ಮೊಮ್ಮಗಳ ವಿವಾಹ ನೆರವೇರಿತು. ನಾದಸ್ವರ ಮತ್ತು ಡಿಜೆ ಒಂದೇ ಆಂಪ್ಲಿಫೈಯರಿನಲ್ಲಿದ್ದವು." ವಧೂವರರ ಹೆಸರು ಅದಕ್ಕಿಂತ ಸಣ್ಣ ಅಕ್ಷರದಲ್ಲಿ.

ಅದರಲ್ಲಿ ಬಹಳ ಜನಪ್ರಿಯವಾದ ಅಂಕಣ ಹಲ್ಲಿಯದು. ಟ್ರಾನ್ಸ್‌ಮಿಟರಿನ ಬೆಚ್ಚಗಿನ ಪ್ಯಾನೆಲ್ಲುಗಳೆಂದರೆ ಹಲ್ಲಿಗಳಿಗೆ ಬಲು ಪ್ರೀತಿ. ಸಾವಿರಾರು ವೋಲ್ಟಿನ ಎರಡು ತುದಿಗಳ ನಡುವೆ ಒಂದು ಹಲ್ಲಿ ಸೇತುವೆಯಾಯಿತೆಂದರೆ ಅದೂ ಹೋಯಿತು, ಪ್ರಸಾರವೂ ಹೋಯಿತು. ಪಂಚಾಂಗದಲ್ಲಿ ಹಲ್ಲಿ ತಲೆಯ ಮೇಲೆ ಬಿದ್ದರೆ ಏನು, ಭುಜದ ಮೇಲೆ ಬಿದ್ದರೆ ಏನು ಎಂದೆಲ್ಲ ಫಲ ಕೊಟ್ಟಿರುತ್ತಾರಲ್ಲ, ಹೈ ಟೆನ್ಷನ್ ಪ್ಯಾನೆಲ್ಲಿನ ಮೇಲೆ ಬಿದ್ದರೆ ಏನೆಂದು ಮಾತ್ರ ಬರೆದಿಲ್ಲ. ಆ ಕೊರತೆಯನ್ನು ಬಳಗ ತುಂಬಿದೆ. ಭಕ್ತಿಗೀತೆಯ ಹೊತ್ತಿನಲ್ಲಿ ಬಿದ್ದರೆ: ಶ್ರೋತೃಗಳಿಂದ ನಿಂದೆ. ಕೃಷಿರಂಗದ ಹೊತ್ತಿನಲ್ಲಿ: ವಿಶೇಷ ಫಲವಿಲ್ಲ. ವಾರ್ತೆಯ ನಡುವೆ: ಮೇಲಧಿಕಾರಿಯ ದರ್ಶನ. ಮಂತ್ರಿಗಳ ಭಾಷಣದ ನಡುವೆ: ಸ್ಥಾನಚಲನೆ, ದೂರಪ್ರಯಾಣ.

ಇನ್ನೊಂದು ಅಂಕಣ ‘ಸಿನ್ಪೊ’. ದೂರದ ನಿಲಯ ಎಷ್ಟು ಚೆನ್ನಾಗಿ ಕೇಳಿಸಿತೆಂದು ತಿಳಿಸಲು ರೇಡಿಯೋ ಲೋಕದಲ್ಲಿ ಐದು ಅಂಕಿಗಳ ಒಂದು ಲೆಕ್ಕವಿದೆ. ಸಿಗ್ನಲ್ಲಿನ ಬಲ, ಬೇರೆ ನಿಲಯಗಳ ಅಡ್ಡಿ, ಗದ್ದಲ, ಸದ್ದಿನ ಏರಿಳಿತ, ಕೊನೆಗೆ ಒಟ್ಟಾರೆ ಅನುಭವ. ಪ್ರತಿಯೊಂದಕ್ಕೂ ಒಂದರಿಂದ ಐದು ಅಂಕ. ಐದಕ್ಕೆ ಐದೂ ಸಿಕ್ಕಿದರೆ 55555. ಶಾರ್ಟ್‌ವೇವ್ ಕೇಳುವ ಹವ್ಯಾಸಿಗಳು ದೇಶವಿದೇಶಗಳಿಂದ ಈ ಅಂಕಿ ಬರೆದು ಕಾಗದ ಹಾಕುತ್ತಾರೆ. ನಿಲಯದವರು ಚಂದದ ಒಂದು ಕಾರ್ಡು ಕಳಿಸಿ ವಂದನೆ ಹೇಳುತ್ತಾರೆ. ಬಳಗದ ಹಿರಿಯರೊಬ್ಬರ ಜೀವನದ ದೊಡ್ಡ ನೋವು ಇದು: ಪಕ್ಕದ ಬೀದಿಯವರು "ನಿಮ್ಮ ಸ್ಟೇಷನ್ ಸರಿಯಾಗಿ ಹಿಡಿಯೋದೇ ಇಲ್ಲ" ಎಂದು ತರಕಾರಿ ಅಂಗಡಿಯಲ್ಲಿ ನಿಲ್ಲಿಸಿ ಬೈದ ದಿನವೇ ಫಿನ್‌ಲ್ಯಾಂಡಿನಿಂದ ಸೊಗಸಾದ ಅಂಕಗಳೊಂದಿಗೆ ಕಾಗದ ಬಂದಿತ್ತು. "ಆಕಾಶ ನಮ್ಮ ಮಾತು ಕೇಳ್ತಿತ್ತು ಕಣ್ರೀ, ನೆರೆಹೊರೆ ಕೇಳ್ತಿರಲಿಲ್ಲ" ಎಂದು ಅವರು ಈಗಲೂ ಕೊರಗುತ್ತಾರೆ.

ಆ ಅಂಕಿಗಳು ನಮ್ಮ ಮನೆಯೊಳಗೂ ಬಂದಿವೆ. ಅತ್ತೆಯ ಉಪ್ಪಿಟ್ಟಿಗೆ ಮಾವ ಕೊಡುವುದು 54444. ನಾನು ಹೆಣ್ಣು ನೋಡಲು ಬಂದ ದಿನದ ಅಂಕವೂ ಅವರ ಹಳೆಯ ಡೈರಿಯಲ್ಲಿತ್ತು; ಹೆಂಡತಿ ಒಮ್ಮೆ ತೋರಿಸಿದಳು: 32343. ಸಿಗ್ನಲ್ ಬಲ ಸಾಧಾರಣ. ಅಡ್ಡಿ ಹೆಚ್ಚು, ಎಂದರೆ ನನ್ನ ಜೊತೆ ಬಂದಿದ್ದ ದೊಡ್ಡಪ್ಪ. ಒಟ್ಟಾರೆ ಅನುಭವಕ್ಕೆ ಮೂರು ಕೊಟ್ಟು ಮಗಳನ್ನೂ ಕೊಟ್ಟಿದ್ದಾರೆ.

ಬಳಗದೊಳಗೆ ಜಾತಿ ಇಲ್ಲ ಎಂದು ಹೇಳಲಾರೆ. ಎಲ್ಲರಿಗಿಂತ ಮೇಲೆ ಮೀಡಿಯಂ ವೇವ್‌ನವರು. ಬೆಂಗಳೂರಿನ 612 ಕಿಲೋಹರ್ಟ್ಸ್, ಧಾರವಾಡದ 765, ಭದ್ರಾವತಿಯ 675 — ಈ ಸಂಖ್ಯೆಗಳನ್ನು ಅವರು ಗೋತ್ರಪ್ರವರದಂತೆ ಒಪ್ಪಿಸುತ್ತಾರೆ. 612ಕ್ಕೆ ತರಂಗದ ಉದ್ದ ಸುಮಾರು 490 ಮೀಟರ್. ಅದರ ಕಾಲುಭಾಗ ಎತ್ತರದ ಕಂಬವೆಂದರೂ 120 ಮೀಟರ್ ದಾಟುತ್ತದೆ. ಮೀಡಿಯಂ ವೇವ್‌ನಲ್ಲಿ ಕಂಬ ಬರೀ ಏರಿಯಲ್ ಹೊತ್ತು ನಿಂತಿರುವುದಿಲ್ಲ, ಇಡೀ ಕಂಬವೇ ಏರಿಯಲ್. ಅದಕ್ಕೇ ಅದನ್ನು ಪಿಂಗಾಣಿಯ ಬುಡದ ಮೇಲೆ ನಿಲ್ಲಿಸಿ, ಸುತ್ತ ನೆಲದೊಳಗೆ ತಾಮ್ರದ ತಂತಿಗಳನ್ನು ಹರಡಿರುತ್ತಾರೆ. ಹತ್ತಿರ ಹೋಗಿ ಟ್ಯೂಬ್‌ಲೈಟನ್ನು ಕೈಯಲ್ಲಿ ಹಿಡಿದರೆ ವೈರಿಲ್ಲದೆ ಬೆಳಗುತ್ತದೆ. ಇಂಥ ಪವಾಡ ದಿನಾ ನೋಡಿದವರು ಎಫ್‌ಎಂನವರನ್ನು ಹೇಗೆ ಗೌರವಿಸಿಯಾರು? "ನಿಮ್ಮದು ಕಣ್ಣಿಗೆ ಕಾಣೋಷ್ಟು ದೂರ. ರಾತ್ರಿ ಆದ್ರೆ ನಮ್ಮದು ಎಲ್ಲೆಲ್ಲಿಗೆ ಹೋಗುತ್ತೆ ನಮಗೇ ಗೊತ್ತಿಲ್ಲ" ಎನ್ನುತ್ತಾರೆ. ಸೂರ್ಯ ಮುಳುಗಿದ ಮೇಲೆ, ಹಗಲಲ್ಲಿ ಅಲೆಗಳನ್ನು ನುಂಗುವ ವಾತಾವರಣದ ಪದರ ಕರಗಿ, ಮೇಲಿನ ಪದರಕ್ಕೆ ತಾಗಿದ ಅಲೆ ದೂರದೂರಿಗೆ ಇಳಿಯುತ್ತದೆ, ಮಾತು ನಿಜವೇ. ಎಫ್‌ಎಂನವರು ಸುಮ್ಮನಿರುವುದಿಲ್ಲ: "ಹೋಗುತ್ತೆ ಸಾರ್, ಗೊರಗೊರ ಅನ್ಕೊಂಡು ಹೋಗುತ್ತೆ."

ಟಿವಿಯವರ ಬತ್ತಳಿಕೆಯಲ್ಲಿ ಒಂದೇ ಬಾಣ, ಆದರೆ ಗುರಿ ತಪ್ಪದ್ದು. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರವಾಗಿ ಟಿವಿ ತೋರಿಸಿದ ಪ್ರಯೋಗ ಅದು. ಕರ್ನಾಟಕದಲ್ಲಿ ಅದರ ಭಾಗ್ಯ ಸಿಕ್ಕಿದ್ದು ಬೆಂಗಳೂರಿಗಲ್ಲ. ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ರಾಜಧಾನಿಯಲ್ಲಿ ಟಿವಿ ಕೇಂದ್ರವೇ ಇಲ್ಲದ ಕಾಲದಲ್ಲಿ ಹಳ್ಳಿಯ ಕಟ್ಟೆಯ ಮೇಲೆ ಬಾಹ್ಯಾಕಾಶದಿಂದ ಚಿತ್ರ ಇಳಿಯುತ್ತಿತ್ತು. ಅದನ್ನು ಹಿಡಿಯುತ್ತಿದ್ದ ಆಂಟೆನಾ ಕೋಳಿಗೂಡಿನ ತಂತಿಬಲೆಯದು. ಊರ ಹಿರಿಯರು ಅದನ್ನು ಸುತ್ತಿ ನೋಡಿ, "ಅಲ್ರೀ ಸಾಹೇಬ್ರ, ಕೋಳಿ ಯಾವಾಗ ತರ್ತೀರಿ?" ಎಂದು ಕೇಳುತ್ತಿದ್ದರಂತೆ. ಈ ಕಥೆ ಬಂದರೆ ಮೀಡಿಯಂ ವೇವ್‌ನವರೂ ಸೋತು ಕಾಫಿ ತರಿಸುತ್ತಾರೆ.

ಆದರೆ ಹೊರಗಿನ ವೈರಿ ಎಂದೊಡನೆ ಒಳಜಗಳ ಮಾಯ. ಆ ವೈರಿ ಎಂದರೆ ‘ಪ್ರೋಗ್ರಾಮಿನವರು’. ಉದ್ಘೋಷಕಿಗೆ ಅಭಿಮಾನಿಗಳ ಪತ್ರ ಬರುತ್ತದೆ, ನಾಟಕದವರಿಗೆ ಪ್ರಶಸ್ತಿ ಬರುತ್ತದೆ. ಎಂಜಿನಿಯರಿಗೆ ಬರುವ ಕೀರ್ತಿ ಒಂದೇ ಸಾಲಿನದು: ತಾಂತ್ರಿಕ ಅಡಚಣೆಗಾಗಿ ವಿಷಾದಿಸುತ್ತೇವೆ. ಬೆಳಗಿನ ಜಾವ ಊರೆಲ್ಲ ಮುಸುಕೆಳೆದು ಮಲಗಿರುವಾಗ ಆಫೀಸಿನ ಜೀಪು ಹತ್ತಿ ಹೋಗಿ, ಕ್ಯಾರಿಯರ್ ಎಬ್ಬಿಸಿ, ಮೀಟರು ನೋಡಿ ಲಾಗ್‌ಬುಕ್ಕಿನಲ್ಲಿ ಬರೆದವರ ಹೆಸರನ್ನು ಯಾರೂ ಹೇಳುವುದಿಲ್ಲ. ಆಕಾಶವಾಣಿಯ ಆ ಮುಂಜಾವದ ರಾಗವನ್ನು ಹಿಟ್ಲರನ ಕಾಟಕ್ಕೆ ಮುಂಬಯಿಗೆ ಬಂದು ನೆಲೆಸಿದ್ದ ವಾಲ್ಟರ್ ಕೌಫ್‌ಮನ್ ಕಟ್ಟಿದರೆಂದು ಈಗ ಎಲ್ಲರೂ ಹೇಳುತ್ತಾರೆ. "ಕಟ್ಟಿದ್ದು ಅವರೇ, ಒಪ್ಪಿದೆ. ದಿನಾ ಹಾಕ್ತಿದ್ದದ್ದು ಯಾರು?" ಎಂಬುದು ಬಳಗದ ಪ್ರಶ್ನೆ.

ಮೈಸೂರು ದಸರೆಯ ವೀಕ್ಷಕ ವಿವರಣೆಗೆ ಹೋದವರ ಕಥೆಯೂ ಇದೇ. ಮೇಲೆ ಕೂತ ವಿವರಣೆಕಾರರು ಚಿನ್ನದ ಅಂಬಾರಿಯನ್ನು, ತಾಯಿ ಚಾಮುಂಡೇಶ್ವರಿಯ ಅಲಂಕಾರವನ್ನು ಬಣ್ಣಿಸುತ್ತಿದ್ದರೆ, ಕೆಳಗಿದ್ದ ಎಂಜಿನಿಯರ್ ಆನೆಯ ಕಾಲನ್ನೇ ನೋಡುತ್ತಿದ್ದರಂತೆ. ಅದು ಕೇಬಲ್ಲಿನ ಮೇಲೆ ಬೀಳದಿರಲಿ ಎಂದು ಅದೇ ತಾಯಿಗೆ ಹರಕೆ ಹೊತ್ತು. "ಎಷ್ಟೋ ದಸರಾ ಮಾಡಿದ್ದೀನಿ, ಅಂಬಾರಿ ಮಾತ್ರ ನೋಡಿಲ್ಲ" ಎಂದು ಅವರು ಹೇಳುವಾಗ ದುಃಖವೇನೂ ಇರುವುದಿಲ್ಲ. ಕೇಬಲ್ಲು ಉಳಿಯಿತಲ್ಲ!

ಈಚೆಗೆ ಬಳಗ ಮೈಸೂರಿಗೆ ಪ್ರವಾಸ ಹೊರಟಿತು. ಅಳಿಯಂದಿರಿಗೆ ಬ್ಯಾಗು ಹೊರುವ ಷರತ್ತಿನ ಮೇಲೆ ಪ್ರವೇಶ. ಕೆಂಗೇರಿ ದಾಟುತ್ತಲೇ ಬಸ್ಸಿನ ಚಾಲಕ ಹಳೆಯ ಚಿತ್ರಗೀತೆ ಹಾಕಿದ. ಬಲಗಡೆಯ ಸ್ಪೀಕರು ಗೊರಗುಟ್ಟುತ್ತಿತ್ತು. ಬಿಡದಿಯ ತನಕ ಎಲ್ಲರೂ ತಡೆದುಕೊಂಡರು. ರಾಮನಗರದಲ್ಲಿ ಒಬ್ಬರು ಎದ್ದು ಕಿವಿಯಿಟ್ಟರು. ಚನ್ನಪಟ್ಟಣದಲ್ಲಿ ಸ್ಕ್ರೂಡ್ರೈವರ್ ಹೊರಬಂತು. ಮದ್ದೂರಿನಲ್ಲಿ ವಡೆಗೆಂದು ನಿಲ್ಲಿಸಿದ ಬಸ್ಸು ಬೇಗ ಹೊರಡಲಿಲ್ಲ. ಸೀಟುಗಳ ಮೇಲೆ ವೈರು, ವಡೆ, ಸ್ಕ್ರೂ ಎಲ್ಲ ಒಟ್ಟಿಗೆ ಹರಡಿದ್ದವು. ಮೀಡಿಯಂ ವೇವ್, ಎಫ್‌ಎಂ, ಟಿವಿ ಮೂರೂ ಪಂಗಡಗಳು ತಲೆಗೆ ತಲೆ ತಾಗಿಸಿ ಬಗ್ಗಿದ್ದವು. ಕೊನೆಗೂ ಬಿಟ್ಟುಹೋಗಿದ್ದ ಬೆಸುಗೆ ಸಿಕ್ಕಿ, ಸ್ಪೀಕರು ತಿಳಿಯಾಯಿತು.

ಮಂಡ್ಯದ ಕಬ್ಬಿನ ಗದ್ದೆಗಳ ನಡುವೆ ಹಾಡು ಜೇನಿನಂತೆ ಬರತೊಡಗಿತು. ಚಾಲಕನಿಗೆ ಹಿಡಿಸಲಾರದ ಸಂತೋಷ. "ಹೊಸಾದ್ರಲ್ಲೂ ಹಿಂಗೆ ಕೇಳ್ತಿರಲಿಲ್ಲ ಸಾರ್!" ಎಂದು ಕನ್ನಡಿಯಲ್ಲಿ ಹಿಂದೆ ನೋಡಿದ. ಹಿಂದೆ ಎಲ್ಲರೂ ಬೆಸುಗೆ ಯಾಕೆ ಬಿಟ್ಟಿತು ಎಂಬ ವಾದದಲ್ಲಿ ಮುಳುಗಿದ್ದರು. "ಇಷ್ಟು ಚೆಂದಾಗಿ ಮಾಡ್ಕೊಟ್ರಿ, ಒಂದು ಹಾಡಾದ್ರೂ ಕೇಳಿ ಸಾರ್" ಎಂದು ಅವನು ಬೇಡಿಕೊಂಡ.

ಮಾವ ತಲೆಯೆತ್ತದೆ ಹೇಳಿದರು: "ನೀನು ಕೇಳಪ್ಪ. ನಿನಗೆ ಅಂತಲೇ ಮಾಡಿದ್ದು."