ಯಾರ ಕಡೆಯವರು?

ಕೊರಳಿಗೆ ಪಾಸು, ಹೆಗಲಿಗೆ ಬಟ್ಟೆಚೀಲ. ಭಾನುವಾರ ಬೆಳಿಗ್ಗೆ ಹತ್ತಕ್ಕೇ ಹೋದೆ. ಸ್ವತಂತ್ರ ಚಿತ್ರಗಳ ಉತ್ಸವ, ಅದೂ ನಮ್ಮ ಬಡಾವಣೆಯ ಪಕ್ಕದಲ್ಲೇ. ಇಂಥವಕ್ಕೆ ಯಾರು ಬರುತ್ತಾರೆ, ಕಾಲು ಚಾಚಿ ನೋಡಬಹುದು ಅಂದುಕೊಂಡಿದ್ದರೆ ಒಳಗೆ ರೇಷ್ಮೆಸೀರೆಗಳು, ಮಲ್ಲಿಗೆಯ ಘಮ, ಕುರ್ಚಿ ಕುರ್ಚಿಗೂ ಕರ್ಚೀಫು. ತಪ್ಪಿ ಛತ್ರಕ್ಕೆ ನುಗ್ಗಿದೆನೇನೋ ಎಂದು ಹೊರಗೆ ಹೋಗಿ ಬೋರ್ಡು ಓದಿಕೊಂಡು ಬಂದೆ.

ಪಕ್ಕದ ಹಿರಿಯ ಹೆಂಗಸು ಕೇಳಿದರು, "ನೀವು ಯಾರ ಕಡೆಯವರು? ಡೈರೆಕ್ಟರ್ ಕಡೆನೋ, ಹೀರೋಯಿನ್ ಕಡೆನೋ?"

"ಯಾರ ಕಡೆಯೂ ಅಲ್ಲಮ್ಮ. ಸುಮ್ಮನೆ ಸಿನಿಮಾ ನೋಡೋಕೆ ಬಂದೆ."

"ಅಯ್ಯೋ ಪಾಪ," ಎಂದರು. ಅವರ ಮಗ ಮೊದಲ ಕಿರುಚಿತ್ರದ ಕ್ಯಾಮೆರಾಮನ್ನಂತೆ.

ಸ್ವತಂತ್ರ ಸಿನಿಮಾ ಹೆಸರಿಗಷ್ಟೇ ಸ್ವತಂತ್ರ. ನೆಂಟರಿಷ್ಟರನ್ನು ಅದರಷ್ಟು ನೆಚ್ಚಿಕೊಂಡ ಕಸುಬು ಇನ್ನೊಂದಿಲ್ಲ. 2021ರಲ್ಲಿ ಬೂಸಾನ್ ಉತ್ಸವದವರೆಗೆ ಹೋದ 'ಪೆದ್ರೊ' ಚಿತ್ರದ ಪೆದ್ರೊ ಯಾರು? ನಿರ್ದೇಶಕ ನಟೇಶ್ ಹೆಗಡೆಯವರ ಸ್ವಂತ ಅಪ್ಪ, ಗೋಪಾಲ ಹೆಗಡೆ. 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಚಿನ್ನದ ಚಿರತೆ ಪ್ರಶಸ್ತಿ ಗೆದ್ದುಬಂದ 'ತಿಥಿ'ಯಲ್ಲಿ ಮಂಡ್ಯದ ಕಡೆಯ ಹಳ್ಳಿಗರೇ ಪಾತ್ರಧಾರಿಗಳು. ಪರದೆಯ ಮೇಲೆ ಬಂಧುಬಳಗವಿದ್ದ ಮೇಲೆ ಪರದೆಯ ಮುಂದೆಯೂ ಇರಬೇಡವೇ?

ದೀಪ ಆರಿತು. ಒಬ್ಬ ಹುಡುಗಿ ಕಿಟಕಿಯ ಬಳಿ ಮಾತಿಲ್ಲದೆ ನಿಂತಿದ್ದಾಳೆ. ನಾನು ಟಿಪ್ಪಣಿ ಪುಸ್ತಕ ತೆಗೆದು, 'ನೀಲಿ ಪರದೆ, ಏಕಾಂತದ ರೂಪಕ' ಎಂದು ಬರೆದುಕೊಂಡೆ.

"ನಮ್ಮನೆ ಕಿಟಕಿ!" ಎಂದರು ಪಕ್ಕದವರು. "ಕರ್ಟನ್ ಒಗೆಯೋಕೆ ಹಾಕಿದ್ದೆ. ಇವನು ಬೆಡ್‌ಶೀಟ್ ಕಟ್ಟಿದಾನೆ ನೋಡಿ."

ಹಾಳೆ ಹರಿದು ಜೇಬಿಗಿಟ್ಟುಕೊಂಡೆ.

ಹಿಂದಿನ ಸಾಲಿನಲ್ಲಿ ಇನ್ನೊಬ್ಬಾಕೆ ತಮ್ಮ ಕಳೆದುಹೋದ ಸೀರೆಯನ್ನು ನಾಯಕಿಯ ಮೈಮೇಲೆ ಪತ್ತೆ ಹಚ್ಚಿದರು. ಚಪ್ಪಾಳೆಯೋ ಚಪ್ಪಾಳೆ. ಸಂವಾದದಲ್ಲಿ ಬಂದ ಒಂದೇ ಪ್ರಶ್ನೆ ನಿರ್ದೇಶಕನ ಸೋದರಮಾವನದು: "ಮದುವೆ ಯಾವಾಗ?"

ಮಧ್ಯಾಹ್ನ ಗ್ರೂಪ್ ಫೋಟೋ ಮುಗಿದದ್ದೇ ತಡ, ರೇಷ್ಮೆಸೀರೆಗಳೆಲ್ಲ ಆಟೋ ಹತ್ತಿದವು. ಸೀಟು ಹೋದೀತೆಂದು ಊಟ ಬಿಟ್ಟು ಕೂತಿದ್ದ ನನ್ನ ಸುತ್ತ ಈಗ ಸೀಟುಗಳೇ ಸೀಟುಗಳು. ಬಾಡಿಗೆ ಲೈಟು ವಾಪಸ್ ಕೊಡಲು ಹೋದ ಮಗನನ್ನು ಕಾಯುತ್ತ ಆ ತಾಯಿ ಮಾತ್ರ ಉಳಿದಿದ್ದರು.

ಹಂಗೇರಿಯ ಬೇಲಾ ತಾರ್ ಅವರ 2011ರ 'ದ ಟ್ಯೂರಿನ್ ಹಾರ್ಸ್' ಶುರುವಾಯಿತು. ಕಪ್ಪು ಬಿಳುಪು, 146 ನಿಮಿಷ, ಒಟ್ಟು 30 ಶಾಟು. ಹೊರಗೆ ಬಿರುಗಾಳಿ. ಒಳಗೆ ಅಪ್ಪ, ಮಗಳು, ಬೇಯಿಸಿದ ಆಲೂಗಡ್ಡೆ, ತಲೆಗೊಂದೇ. ಅಪ್ಪನ ಒಂದು ಕೈ ಸ್ವಾಧೀನವಿಲ್ಲ. ಇನ್ನೊಂದರಲ್ಲೇ ಹಬೆಯಾಡುವ ಗಡ್ಡೆಯ ಸಿಪ್ಪೆ ಸುಲಿಯುತ್ತಾನೆ. ಮರುದಿನವೂ ಆಲೂಗಡ್ಡೆ. ಅದರ ಮರುದಿನವೂ. ನನ್ನ ಹೊಟ್ಟೆ ಗಾಳಿಗಿಂತ ಜೋರಾಗಿ ಗುರುಗುಟ್ಟಿತು.

"ದಿನಾ ಬರೀ ಉಪ್ಪೇ? ಒಂದು ಒಗ್ಗರಣೆ ಬೇಡ್ವೇ?" ಎನ್ನುತ್ತ ಆಕೆ ಡಬ್ಬಿ ತೆರೆದು ನನ್ನತ್ತ ಹಿಡಿದರು. ಕೋಡುಬಳೆ. ಮಾತೇ ಅಪರೂಪವಾದ ಆ ಚಿತ್ರದಲ್ಲಿ ಒಂದೊಂದು ಕಟುಂ ಕುಟುಂ ಶಬ್ದಕ್ಕೂ ನಾನು ತಲೆ ತಗ್ಗಿಸಿದೆ. ಕೈ ಮಾತ್ರ ತಗ್ಗಲಿಲ್ಲ. ಆ ಅಪ್ಪ ಮಗಳ ಕುದುರೆ ಮೇವು ಮುಟ್ಟದೆ ನಿಂತಾಗ, "ಅದಕ್ಕಾದ್ರೂ ಸಾಕಾಗಿದೆ," ಎಂದರು. ಇಷ್ಟು ಚಿಕ್ಕ ವಿಮರ್ಶೆಯನ್ನು ನಾನೆಲ್ಲೂ ಓದಿಲ್ಲ.

ದೀಪ ಹತ್ತಿತು. ಇದ್ದದ್ದು ನಾವಿಬ್ಬರು, ಮೂಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ ಪ್ರೊಜೆಕ್ಟರ್ ಹುಡುಗ. ಆಕೆ ಖಾಲಿ ಕುರ್ಚಿಗಳ ಮೇಲೆ ಕಣ್ಣಾಡಿಸಿ, ಡಬ್ಬಿಯ ಮುಚ್ಚಳ ಹಾಕಿದರು.

"ಪಾಪ, ಕುದುರೆ ಕಡೆಯವರು ಯಾರೂ ಬಂದಿರಲಿಲ್ಲ."