ಬಾಲಕ್ಕೆ ಸಾಲದ ಕಾಗದ

ಮ್ಯಾಗ್‌ಪೈ ಕಾಗೆಯ ವಂಶದ ಹಕ್ಕಿ. ನಮ್ಮ ಮಟಪಕ್ಷಿಗೂ ನೆಂಟ. ದೂರಕ್ಕೆ ಬರೀ ಕಪ್ಪು-ಬಿಳುಪು, ಬಿಡಿಸಲು ಪೆನ್ಸಿಲ್ ಸಾಕೆನಿಸುತ್ತದೆ. ಬಿಸಿಲಲ್ಲಿ ಒಮ್ಮೆ ಹೊರಳಿತೋ, ರೆಕ್ಕೆಯಲ್ಲಿ ನೀಲಿ, ಬಾಲದಲ್ಲಿ ಹಸಿರು-ನೇರಳೆ ಮಿಂಚಿ, ಚಿತ್ರಕಾರ ಬಣ್ಣದ ಡಬ್ಬಿಗೆ ತಡಕಾಡಬೇಕು. ಬಾಲದ್ದಂತೂ ದೊಡ್ಡ ತಕರಾರು. ಮೈಯುದ್ದದಲ್ಲಿ ಸುಮಾರು ಅರ್ಧ ಅದೇ. ಕೊಕ್ಕಿನಿಂದ ಶುರುಮಾಡಿದವರಿಗೆ ಕಾಗದ ಮುಗಿದರೂ ಬಾಲ ಮುಗಿಯದು.

ಫ್ರಾನ್ಸಿನ ಚಿತ್ರಕಾರ ಮೋನೆ ಜಾಣ. 1868-69ರ ಚಳಿಗಾಲದ ಚಿತ್ರದಲ್ಲಿ ಕ್ಯಾನ್ವಾಸಿನ ತುಂಬ ಹಿಮ ಹರಡಿ, ಬೇಲಿಯ ಗೇಟಿನ ಮೇಲೆ ಹಕ್ಕಿಯನ್ನು ಪುಟ್ಟದಾಗಿ ಕೂರಿಸಿ ಪಾರಾದ. ಪ್ಯಾರಿಸ್ಸಿನ ಕಲಾಪ್ರದರ್ಶನ ‘ಸಲೋನ್’ ಮಾತ್ರ ಚಿತ್ರವನ್ನು ಬೇಡವೆಂದಿತು. ಕೊರಿಯದ ಜನಪದ ಚಿತ್ರಗಳಲ್ಲಿ ಈ ಹಕ್ಕಿ ಪೈನ್ ಮರವೇರಿ ಕೆಳಗಿನ ಹುಲಿಗೆ ಏನೋ ಒದರುತ್ತಿರುತ್ತದೆ. ಹುಲಿಯ ಮುಖವೋ ಪೆಚ್ಚುಪೆಚ್ಚು.

ಚಿತ್ರಕಾರನಿಗೆ ಬಾಲದ ಚಿಂತೆಯಾದರೆ, ಪ್ರವಾಸಿಗೆ ಈ ಹಕ್ಕಿ ಎಲ್ಲಿ ಕಂಡಿತೆಂಬುದೇ ಮುಖ್ಯ; ಶಕುನ ಊರಿಗೊಂದು ಬಗೆ. ಕೊರಿಯದಲ್ಲಿ ಬೆಳಿಗ್ಗೆ ಇದು ಕೂಗಿದರೆ ಮನೆಗೆ ಅತಿಥಿ ಬರುವ ಸೂಚನೆ, ನಮ್ಮಲ್ಲಿ ಕಾಗೆಗೆ ವಹಿಸಿರುವ ಕೆಲಸವೇ. ಬ್ರಿಟನ್ನಿನಲ್ಲಿ ಜೋಡಿ ಕಂಡರೆ ಶುಭ, ಒಂಟಿ ಕಂಡರೆ ಅಪಶಕುನ. ಪರಿಹಾರ ಸುಲಭ: ಹಕ್ಕಿಗೆ ನಮಸ್ಕಾರ ಹಾಕಿ, ನಿಮ್ಮ ಹೆಂಡತಿ ಚೆನ್ನಾಗಿದ್ದಾರೆಯೇ ಎಂದು ವಿಚಾರಿಸುವುದು. ಸೂಟು ತೊಟ್ಟ ಗಂಭೀರ ಮಹನೀಯರೂ ಅತ್ತಿತ್ತ ನೋಡಿ, ಗೊಣಗಿದಂತೆ ಕೇಳಿಯೇ ಮುಂದೆ ಹೋಗುತ್ತಾರೆ.