ಆಕಾಶದಲ್ಲಿ ಏಕಾದಶಿ

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ನಡುವಣ ಅಂತರ ಸುಮಾರು 14,000 ಕಿಲೋಮೀಟರುಗಳೆಂದೂ, ಎಲ್ಲಿಯೂ ಇಳಿಯದೆ ಹಾರುವ ವಿಮಾನ ಅದನ್ನು 17 ಗಂಟೆಗಳ ಆಸುಪಾಸಿನಲ್ಲಿ ಕ್ರಮಿಸುವುದೆಂದೂ ಹೇಳಿದರೆ ಭೂಗೋಳದ ಮೇಷ್ಟರಿಗೆ ತೃಪ್ತಿಯಾದೀತೇ ಹೊರತು, ಮಗನ ಮನೆಗೆಂದು ಹೊರಟ ವೃದ್ಧದಂಪತಿಗಳಿಗೆ ಅದರಿಂದ ಏನೂ ತಿಳಿದಂತಾಗದು. ಚಳಿಗಾಲದಲ್ಲಿ ಆ ಊರಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುವುದರಿಂದ, ಇಲ್ಲಿ ಮಧ್ಯಾಹ್ನದ ಊಟ ಮುಗಿಸಿ ಹೊರಟವರು ಅದೇ ದಿನ ಸಂಜೆ ಅಲ್ಲಿರುತ್ತಾರೆ. ನಡುವೆ ಉಂಡದ್ದು, ಮಲಗಿದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಆದರೆ ಕಾಲಪುರುಷನು ಕೊಟ್ಟ ಸಾಲವನ್ನು ಮರೆಯುವವನಲ್ಲ. 2021ರಲ್ಲಿ ಈ ಮಾರ್ಗದ ಮೊದಲ ಏರ್ ಇಂಡಿಯಾ ವಿಮಾನ, ಮಹಿಳಾ ಪೈಲಟ್‌ಗಳೇ ನಡೆಸಿ ತಂದದ್ದು, ಜನವರಿ 9ರ ರಾತ್ರಿ ಅಲ್ಲಿಂದ ಹೊರಟು 11ರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿಯಿತು. ಶನಿವಾರ ಹತ್ತಿ ಸೋಮವಾರ ಇಳಿದ ಆ ಪ್ರಯಾಣಿಕರ ಭಾನುವಾರ ವಸೂಲಾಗಿ ಹೋಗಿತ್ತು.

ನಾವು ಮರಳಿದ್ದೂ ಜನವರಿಯ ಒಂದು ಶನಿವಾರವೇ; ಮರುದಿನ ಏಕಾದಶಿ. ಶಾಲೆಯ ಗೋಳದ ಮೇಲೆ ಮೊಮ್ಮಗ ದಾರವೆಳೆದು ಹತ್ತಿರದ ಹಾದಿ ಯಾವುದೆಂದು ತೋರಿಸಿದ್ದ: ರೇಖಾಂಶದಲ್ಲಿ 160 ಡಿಗ್ರಿ ದೂರವಿರುವ, ಎಂದರೆ ಹೆಚ್ಚುಕಡಿಮೆ ಗೋಳದ ಬೆನ್ನ ಹಿಂದಿರುವ ಊರಿಗೆ ಪೂರ್ವಕ್ಕಾಗಲಿ ಪಶ್ಚಿಮಕ್ಕಾಗಲಿ ಹೋಗುವುದು ಸುತ್ತು, ಬಿಗಿಹಿಡಿದ ದಾರ ತಾನಾಗಿಯೇ ಉತ್ತರಕ್ಕೆ ಸರಿದು ಆರ್ಕ್‌ಟಿಕ್ ವೃತ್ತದೊಳಕ್ಕೆ ನುಗ್ಗುತ್ತದೆ. ನಮ್ಮ ವಿಮಾನವೂ ಧ್ರುವದ ಕಡೆಗೇ ಹೊರಟಿತು. ಆ ಮಾಸದಲ್ಲಿ ಅಲ್ಲಿ ಸೂರ್ಯನೇ ಏಳುವುದಿಲ್ಲ. ಇತ್ತ ಏಷ್ಯಾ ಖಂಡಕ್ಕೆ ಇಳಿದು ಬರುವಷ್ಟರಲ್ಲಿ ಇಲ್ಲಿಯೂ ಮುಳುಗಿರುತ್ತಾನೆ. ಕಿಟಕಿಯ ಪರದೆ ಎಷ್ಟು ಸಲ ಸರಿಸಿದರೂ ಅದೇ ಕಗ್ಗತ್ತಲು.

ಊಟದ ತಟ್ಟೆ ಬಂದಾಗ ನಾನು ಧರ್ಮಭೀರುವಿನ ಗಾಂಭೀರ್ಯದಿಂದ ಏಕಾದಶಿಯನ್ನು ನೆನಪಿಸಿದೆ. ಕೈಚೀಲದಲ್ಲಿ ಪಂಚಾಂಗವಿಟ್ಟುಕೊಂಡೇ ಸಮುದ್ರೋಲ್ಲಂಘನ ಮಾಡಿದ ನನ್ನ ಗೃಹಿಣಿ ಕ್ಷಣಕಾಲವೂ ವಿಚಲಿತಳಾಗಲಿಲ್ಲ. “ಸೂರ್ಯೋದಯವನ್ನೇ ಕಾಣದ ತಿಥಿ ಕ್ಷಯತಿಥಿ ಅಲ್ಲವೇನ್ರೀ? ಹುಟ್ಟದ ದಿನಕ್ಕೆ ಉಪವಾಸ ಎಲ್ಲಿಂದ ಬಂತು? ಆ ತಟ್ಟೆ ಇತ್ತ ಕೊಡಿ” ಎಂದಳು. ಗ್ರೀನಿಚ್ಚಿನ ಪಂಡಿತರು ಈ ವಾದಕ್ಕೆ ಏನೆನ್ನುವರೋ ಕಾಣೆ. ನನ್ನ ತಟ್ಟೆಯ ಮೊಸರನ್ನವೂ ಅತ್ತ ಹೋಯಿತು.

ಇಷ್ಟಾಗಿಯೂ ದ್ವಾದಶಿಯ ಪಾರಣೆಯನ್ನು ಬಿಟ್ಟುಕೊಡಲು ಆಕೆ ಸಿದ್ಧಳಿರಲಿಲ್ಲ. ಎಂಟು ಗಂಟೆಯೊಳಗೆ ಎಲೆಯ ಮುಂದೆ ಕುಳಿತಿರಬೇಕು, ಅಗಸೆಸೊಪ್ಪಿನ ಪಲ್ಯವಾಗಿರಬೇಕು ಎಂದು ಇಳಿದೊಡನೆಯೇ ತಂಗಿಗೆ ಫೋನಿನಲ್ಲಿ ಆಜ್ಞೆಯಾಯಿತು. ಪೆಟ್ಟಿಗೆಗಳೂ ಬಂದವು, ಟ್ಯಾಕ್ಸಿಯೂ ಸಿಕ್ಕಿತು. ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲಿ ಮಾತ್ರ, ಹಿಂದೆ ಮುಂದೆ ಲಾರಿ ಬಸ್ಸುಗಳ ನಡುವೆ, ಏಳೂವರೆಯ ಎಳೆಬಿಸಿಲಲ್ಲಿ ನಾವು ನಿಂತಲ್ಲೇ ನಿಂತುಬಿಟ್ಟೆವು.

“ಜಯನಗರ ಇನ್ನೆಷ್ಟು ದೂರವಪ್ಪಾ?” ಎಂದು ಆಕೆ ಕಾತರದಿಂದ ಕೇಳಿದಳು.

“ದೂರ ಏನಿಲ್ಲ ಅಮ್ಮಾ, ಇಲ್ಲೇ ಹತ್ರ” ಎಂದು ಚಾಲಕ ಎಂಜಿನ್ ಆರಿಸಿದ. “ಒಂದೂವರೆ ಗಂಟೆ ಆಗ್ತದೆ, ಅಷ್ಟೆ.”